ಗೂಬೆಯ ಮೇಲೆ ಕೂರಿಸಿದ ಹೆಸರು

ಗ್ರೇಟರ್ ನೋಯ್ಡಾದಲ್ಲಿ ಬಡಾವಣೆಗಳಿಗೆ ಗ್ರೀಕ್ ಅಕ್ಷರಗಳ ಹೆಸರು. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ, ಒಮಿಕ್ರಾನ್. ಎಕ್ಸ್ ಮತ್ತು ಯು ಎಂಬ ಎರಡು ರೋಮನ್ ಅಕ್ಷರ ಜೋಡಿಸಿದ ಸೆಕ್ಟರ್ ಕೂಡ ಇದೆ. ಗ್ರೀಕ್ ವರ್ಣಮಾಲೆಯಲ್ಲಿ ಹುಡುಕಿದರೆ ಅಂಥದೊಂದು ಅಕ್ಷರ ಸಿಗುವುದಿಲ್ಲ. 1991ರಲ್ಲಿ ಇಲ್ಲೊಂದು ಪ್ರಾಧಿಕಾರ ಹುಟ್ಟಿ ನೆಲದ ಮೇಲೆ ಗೆರೆ ಎಳೆಯಲು ಶುರುಮಾಡಿದಾಗ ಆ ನೆಲಕ್ಕೆ ಹೆಸರಿರಲಿಲ್ಲ ಎಂದೇನಲ್ಲ. ಕಾಸ್ನಾ ಇತ್ತು, ಸೂರಜ್‌ಪುರ ಇತ್ತು, ತುಗಲ್‌ಪುರ ಇತ್ತು. ಈಗಲೂ ಇವೆ, ಗೋಪುರಗಳ ನಡುವೆ ಎಮ್ಮೆ ಕಟ್ಟಿಕೊಂಡು. ಆದರೆ ವಿಳಾಸ ಬರೆಯುವವರು ಆಲ್ಫಾ ಎಂದೇ ಬರೆಯಬೇಕು.

ಊರಿನ ಬೇವಿನ ಮರಗಳಲ್ಲಿ ಹೊತ್ತು ಮುಳುಗುವಾಗ ಜಗಳಕ್ಕೆ ಬಿದ್ದವರಂತೆ ಕಿರುಚುವ ಸಣ್ಣ ಗೂಬೆಯೊಂದಿದೆ. ಇಲ್ಲಿ ಬೆಳೆಯುವ ಕನ್ನಡದ ಮಕ್ಕಳು ಅದನ್ನು ‘ಉಲ್ಲೂ’ ಎನ್ನುತ್ತಾರೆ. ಹಕ್ಕಿ ಪುಸ್ತಕ ಇಟ್ಟುಕೊಂಡ ಅಪ್ಪ ಅಮ್ಮಂದಿರು ‘ಸ್ಪಾಟೆಡ್ ಔಲೆಟ್’ ಎಂದು ತಿದ್ದುತ್ತಾರೆ. ‘ಹಾಲಕ್ಕಿ’ ಎನ್ನುವವರು ಸಿಗುವುದು ಅಪರೂಪ. ಮನೆಯ ಮುಂದೆ ಡಮರು ಅಲ್ಲಾಡಿಸಿ ಹಾಲಕ್ಕಿಯ ಹೆಸರಲ್ಲಿ ಭವಿಷ್ಯ ಹೇಳುವ ಬುಡಬುಡಿಕೆಯವರನ್ನು ಚಿಕ್ಕಂದಿನಲ್ಲಿ ಕಂಡವರಿಗೂ ಆ ಹಾಲಕ್ಕಿಯೇ ಈ ಹಕ್ಕಿ ಎಂದು ಹೊಳೆಯುವುದಿಲ್ಲ. ಹೆಸರು ಒಂದು ಕಡೆ, ಹಕ್ಕಿ ಒಂದು ಕಡೆ ಉಳಿದುಬಿಟ್ಟಿವೆ.

ಇದು ಮನೆಯೊಳಗಿನ ನಷ್ಟ ಮಾತ್ರ ಆಗಿದ್ದರೆ ಇಷ್ಟು ದೂರ ಎಳೆಯಬೇಕಿರಲಿಲ್ಲ. ಆದರೆ ಇವತ್ತು ಕನ್ನಡಕ್ಕೆ ಬರುವ ಹೊರಗಿನ ಹಕ್ಕಿಗಳೆಲ್ಲ, ಅವು ಆಫ್ರಿಕಾದವಾಗಲಿ ಆಂಧ್ರದವಾಗಲಿ, ಒಂದೇ ಬಾಗಿಲಿನಿಂದ ಬರುತ್ತಿವೆ. ಆ ಬಾಗಿಲು ಇಂಗ್ಲಿಷ್. ಬರುವಾಗ ತಮ್ಮ ಜೊತೆ ಯಾರ್ಯಾರನ್ನು ಹೆಗಲ ಮೇಲೆ ಹೊತ್ತು ತರುತ್ತಿವೆ ಎಂದು ಯಾರೂ ನೋಡುತ್ತಿಲ್ಲ.

ಒಂದು ಗೂಬೆಯನ್ನೇ ತೆಗೆದುಕೊಳ್ಳಿ. ಸಹಾರಾದ ದಕ್ಷಿಣಕ್ಕೆ, ಬಯಲು ಕಾಡುಗಳ ಜಾಲಿ ಜಾತಿಯ ಮರಗಳಲ್ಲಿ ಕೂರುವ, ಆಫ್ರಿಕಾ ಖಂಡದ ಅತಿ ದೊಡ್ಡ ಗೂಬೆ. ಮೈಬಣ್ಣ ಬೂದಿ ಬೆರೆಸಿದ ಹಾಲಿನದು. ರೆಪ್ಪೆಗಳು ಗುಲಾಬಿ. ಹಗಲಲ್ಲಿ ಅದು ಕಣ್ಣು ಮುಚ್ಚಿ ತೂಕಡಿಸುವಾಗ ಯಾರೋ ಬಣ್ಣ ಹಚ್ಚಿ ಹೋದಂತೆ ಆ ರೆಪ್ಪೆಗಳು ಕಾಣುತ್ತವೆ. ತಾನು ಗೂಡು ಕಟ್ಟುವುದಿಲ್ಲ, ಬೇರೆ ಹಕ್ಕಿಗಳು ಬಿಟ್ಟುಹೋದ ಗೂಡಿನಲ್ಲಿ ಸಂಸಾರ ಹೂಡುತ್ತದೆ. ಕನ್ನಡದಲ್ಲಿ ಉಪಶೀರ್ಷಿಕೆ ಬರೆಯುವವರ ಮುಂದೆ ಕಾಡಿನ ಚಿತ್ರವೊಂದರಲ್ಲಿ ಈ ಹಕ್ಕಿ ಬಂದು ಕೂತರೆ ಇಂಗ್ಲಿಷ್ ಹಸ್ತಪ್ರತಿಯಲ್ಲಿ ಇರುವುದು ‘ವೆರೋಸ್ ಈಗಲ್ ಔಲ್’. ಪದಕ್ಕೆ ಪದ ಇಟ್ಟರೆ ‘ವೆರೋನ ಹದ್ದುಗೂಬೆ’. ಓದಿದವರಿಗೆ ಏನು ಸಿಕ್ಕಿತು? ಹದ್ದೋ ಗೂಬೆಯೋ ತಿಳಿಯಲಿಲ್ಲ. ವೆರೋ ಯಾರೆಂದಂತೂ ತಿಳಿಯಲಿಲ್ಲ.

ವೆರೋ ಯಾರೆಂದು ತಿಳಿದರೆ ಕೈ ಹಿಂದೆ ಸರಿಯಬೇಕು.

ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನಲ್ಲಿ ವೆರೋ ಮನೆತನ ಸತ್ತ ಪ್ರಾಣಿಪಕ್ಷಿಗಳ ಚರ್ಮ ಸುಲಿದು, ಒಳಗೆ ತುಂಬಿ, ವಸ್ತುಸಂಗ್ರಹಾಲಯಗಳಿಗೆ ಮಾರುವ ವ್ಯಾಪಾರ ನಡೆಸುತ್ತಿತ್ತು. ಜ್ಯೂಲ್ ವೆರೋ ದಕ್ಷಿಣ ಆಫ್ರಿಕಾದಲ್ಲಿ ವರ್ಷಗಟ್ಟಲೆ ಇದ್ದು ಸಾವಿರಾರು ಮಾದರಿಗಳನ್ನು ಕೂಡಿಹಾಕಿದವನು. 1830ರ ಸುಮಾರಿಗೆ, ಈಗಿನ ಬೋಟ್ಸ್ವಾನಾ ಮತ್ತು ದಕ್ಷಿಣ ಆಫ್ರಿಕಾದ ಗಡಿಸೀಮೆಯಲ್ಲಿ, ತ್ಸ್ವಾನಾ ಜನರ ಒಬ್ಬ ಗಂಡಸನ್ನು ಮಣ್ಣುಮಾಡಿದ ಮೇಲೆ ಆ ಗೋರಿಯನ್ನು ತೋಡಿ ಹೆಣವನ್ನು ಹೊತ್ತು ತರಲಾಯಿತು. ಹಕ್ಕಿಗೆ ಮಾಡುವುದನ್ನೇ ಆ ಮನುಷ್ಯನಿಗೂ ಮಾಡಿದರು. ಕೈಗೆ ಈಟಿ, ಗುರಾಣಿ ಕೊಟ್ಟು ನಿಲ್ಲಿಸಿದರು. 1831ರಲ್ಲಿ ಪ್ಯಾರಿಸ್ಸಿನ ಜನ ಅದನ್ನು ಸಾಲುಗಟ್ಟಿ ನೋಡಿದರು. ಆಮೇಲೆ ಅದು ಕೈಬದಲಾಗಿ ಸ್ಪೇನಿಗೆ ಹೋಯಿತು. 1888ರ ಬಾರ್ಸಿಲೋನಾ ವಸ್ತುಪ್ರದರ್ಶನದಲ್ಲಿ ನಿಂತಿತು. 1916ರಿಂದ ಬಾನ್ಯೋಲೆಸ್ ಎಂಬ ಸಣ್ಣ ಊರಿನ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ, ಹಾವು ಹದ್ದುಗಳ ಪಕ್ಕದಲ್ಲಿ. ಊರವರು ಅದನ್ನು ‘ಎಲ್ ನೆಗ್ರೋ’ ಎಂದು ಕರೆಯುತ್ತಿದ್ದರು. ಆ ಮನುಷ್ಯನ ನಿಜವಾದ ಹೆಸರನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ.

1992ರ ಬಾರ್ಸಿಲೋನಾ ಒಲಿಂಪಿಕ್ಸ್ ಹತ್ತಿರ ಬಂದಾಗ ಹೈಟಿ ಮೂಲದ ವೈದ್ಯ ಅಲ್ಫೋನ್ಸ್ ಅರ್ಸೆಲಿನ್ ಇದನ್ನು ತೆಗೆಯಿರಿ ಎಂದು ಪತ್ರ ಬರೆದರು. ಊರಿನ ಅನೇಕರು ಅವರ ಮೇಲೆಯೇ ತಿರುಗಿಬಿದ್ದರು. ನಮ್ಮ ಊರಿನ ಸಂಕೇತ, ಮಕ್ಕಳಿಗೆ ಇಷ್ಟ, ಇಷ್ಟು ವರ್ಷ ಇಲ್ಲದ ತಕರಾರು ಈಗೇಕೆ ಎನ್ನುವ ವಾದಗಳು. ಪ್ರದರ್ಶನದಿಂದ ಅದನ್ನು ತೆಗೆದದ್ದು 1997ರಲ್ಲಿ. 2000ದ ಅಕ್ಟೋಬರ್ 5ರಂದು ಬೋಟ್ಸ್ವಾನಾದ ರಾಜಧಾನಿ ಗ್ಯಾಬರೋನಿನಲ್ಲಿ ಮತ್ತೆ ಮಣ್ಣುಮಾಡಿದರು. ಪೆಟ್ಟಿಗೆಯಲ್ಲಿ ಊರಿಗೆ ಮರಳಿದ್ದು ತಲೆಬುರುಡೆ ಮಾತ್ರ.

ಹೂಳಲ್ಪಟ್ಟವನಿಗೆ ಹೆಸರಿಲ್ಲ. ತೋಡಿದವನ ಮನೆತನದ ಹೆಸರು ಒಂದು ಹದ್ದಿನ ಮೇಲೆ, ಒಂದು ಗೂಬೆಯ ಮೇಲೆ, ಮಡಗಾಸ್ಕರಿನ ಒಂದು ಲೀಮರಿನ ಮೇಲೆ ಇಂದಿಗೂ ಕೂತಿದೆ. ಕನ್ನಡದಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ಇಲ್ಲಿ ಗೂಬೆಯ ಮೇಲೆಯೇ ಕೂರಿಸಿದ್ದಾರೆ.

ಈ ಹೆಸರು ಅನಿವಾರ್ಯವೇನೂ ಆಗಿರಲಿಲ್ಲ. ದಕ್ಷಿಣ ಆಫ್ರಿಕಾದ ಹಳೆಯ ಕೈಪಿಡಿಗಳಲ್ಲಿ ಇಂಗ್ಲಿಷಿನಲ್ಲೇ ಇದಕ್ಕೆ ‘ಜೈಂಟ್ ಈಗಲ್ ಔಲ್’ ಎಂದಿತ್ತು. ‘ಮಿಲ್ಕಿ ಈಗಲ್ ಔಲ್’ ಎಂದೂ ಕರೆದವರಿದ್ದಾರೆ. ಡಚ್ ಪ್ರಾಣಿಶಾಸ್ತ್ರಜ್ಞ ಟೆಮಿಂಕ್ 1820ರಲ್ಲಿ ಇಟ್ಟ ಲ್ಯಾಟಿನ್ ಹೆಸರೇ ‘ಲಾಕ್ಟಿಯಸ್’, ಅಂದರೆ ಹಾಲಿನಂಥದು. ಅಫ್ರಿಕಾನ್ಸ್ ಭಾಷೆಯವರು ದೈತ್ಯ ಕಿವಿಯ ಗೂಬೆ ಎನ್ನುತ್ತಾರೆ. ಜರ್ಮನರು ‘ಮಿಲ್ಶ್‌ಊಹು’ ಎನ್ನುತ್ತಾರೆ, ಹಾಲಿನ ಬಣ್ಣದ ಊಹು; ಇಲ್ಲವೇ ‘ಬ್ಲಾಸ್‌ಊಹು’, ಪೇಲವ ಬಣ್ಣದ ಊಹು. ಊಹು ಎಂಬುದು ದೊಡ್ಡ ಕೊಂಬಿನ ಗೂಬೆಯ ಕೂಗನ್ನೇ ಹಿಡಿದ ಪದ. ತಮಿಳಿನ ಕೂಗೈ, ಕನ್ನಡದ ಗೂಗೆ, ಗೂಬೆ, ಹಿಂದಿಯ ಘುಗ್ಘೂ ಎಲ್ಲ ಅದೇ ಕಿವಿಯಿಂದ ಹುಟ್ಟಿದವು. ಒಂದೇ ಹಕ್ಕಿ, ಇಷ್ಟು ಹೆಸರು. ಇವುಗಳ ನಡುವೆ ಹಕ್ಕಿಯ ಬಗ್ಗೆ ಏನನ್ನೂ ಹೇಳದ ಒಂದೇ ಒಂದು ಹೆಸರನ್ನು ಆರಿಸಿ, ಜಗತ್ತಿಗೆಲ್ಲ ಇದೇ ಪ್ರಮಾಣವೆಂದು ಪಟ್ಟಿಗಳು ನಿಲ್ಲಿಸಿಕೊಂಡಿವೆ. ಕನ್ನಡಕ್ಕೆ ಬರುವುದು ಆ ಒಂದೇ ಹೆಸರು.

ಇನ್ನೊಂದು ಉದಾಹರಣೆ. ಆಫ್ರಿಕಾದ ನದಿಗಳ ಮೇಲೆ ರಾತ್ರಿ ಮೀನು ಹಿಡಿಯುವ ಕಂದು ಬಣ್ಣದ ದೊಡ್ಡ ಗೂಬೆಗೆ ಇಂಗ್ಲಿಷಿನಲ್ಲಿ ‘ಪೆಲ್ಸ್ ಫಿಶಿಂಗ್ ಔಲ್’. ಪೆಲ್ ಎಂಬಾತ ಈಗಿನ ಘಾನಾದ ಕರಾವಳಿಯಲ್ಲಿ ಡಚ್ಚರ ಆಡಳಿತಾಧಿಕಾರಿಯಾಗಿದ್ದವನು. ಜರ್ಮನರಿಗೆ ಅದು ‘ಬಿಂಡೆನ್‌ಫಿಶ್‌ಓಯ್ಲೆ’, ಪಟ್ಟೆಪಟ್ಟೆಯ ಮೀನುಗೂಬೆ. ಒಬ್ಬರು ಆಳಿದವನನ್ನು ನೆನೆದರು, ಇನ್ನೊಬ್ಬರು ರೆಕ್ಕೆ ನೋಡಿದರು.

ಹಾಗೆಂದು ಜರ್ಮನ್ ಭಾಷೆಗೆ ಆರತಿ ಎತ್ತುವ ಅಗತ್ಯ ಇಲ್ಲ. ಅದೇ ವೆರೋ ಹೆಸರಿನ ಕಪ್ಪು ಹದ್ದಿಗೆ ಜರ್ಮನರು ಬಹಳ ಕಾಲ ಕರೆದದ್ದು ‘ಕಾಫರ್ನ್‌ಆಡ್ಲರ್’ ಎಂದು. ಆ ಮೊದಲ ಪದ ದಕ್ಷಿಣ ಆಫ್ರಿಕಾದಲ್ಲಿ ಕರಿಯ ಜನರ ಮೇಲೆ ಉಗುಳುವ ಬೈಗುಳ; ಬಾಯಲ್ಲಿ ಆಡಿದರೆ ಅಲ್ಲಿ ಇಂದು ನ್ಯಾಯಾಲಯ ಹತ್ತಬೇಕಾಗುತ್ತದೆ. ಈಗ ಆ ಹದ್ದು ‘ಕ್ಲಿಪ್ಪೆನ್‌ಆಡ್ಲರ್’, ಬಂಡೆಗಳ ಹದ್ದು. ಬದಲಾಯಿಸಿದರು, ಭಾಷೆ ಕುಸಿದು ಬೀಳಲಿಲ್ಲ. 1904ರಿಂದ 1908ರವರೆಗೆ ನಮೀಬಿಯಾದಲ್ಲಿ ಹೆರೆರೊ ಮತ್ತು ನಾಮಾ ಜನರನ್ನು ಕೊಂದು ಅವರ ತಲೆಬುರುಡೆಗಳನ್ನು ಬರ್ಲಿನ್ನಿಗೆ ಕಳಿಸಿದವರೂ ಜರ್ಮನರೇ. ಅವು ಮರಳಲು ಶುರುವಾದದ್ದು 2011ರಲ್ಲಿ. ಜರ್ಮನ್ ಹಕ್ಕಿ ಹೆಸರುಗಳು ಬಹುಪಾಲು ಮೈಬಣ್ಣ, ನೆಲೆ, ಕೂಗು ಹಿಡಿದು ಹುಟ್ಟಿರುವುದು ಆ ಜನ ಒಳ್ಳೆಯವರೆಂದಲ್ಲ. ಪದಕ್ಕೆ ಪದ ಅಂಟಿಸಿ ಹೊಸ ಪದ ಮಾಡುವ ಚಟ ಆ ಭಾಷೆಗೆ ಇರುವುದರಿಂದ. ಉತ್ತರ ಕರ್ನಾಟಕದ ಹೊಲಗಳಿಗೆ ಚಳಿಗಾಲದಲ್ಲಿ ಬರುವ ‘ಮೊಂಟಾಗೂಸ್ ಹ್ಯಾರಿಯರ್’ ಅವರಿಗೆ ಹುಲ್ಲುಗಾವಲಿನ ಸೆಳೆವ ಮಾತ್ರ.

ಆ ಚಟ ಕನ್ನಡಕ್ಕೂ ಇದೆ. ಮರಕುಟಿಗ, ಮಿಂಚುಳ್ಳಿ, ಕೆಂಬೂತ, ಮೀನುಗೂಬೆ. ಸಾವಿರ ವರ್ಷ ಹುಡುಕಿದರೂ ಕನ್ನಡದ ರೈತ ಒಂದು ಹಕ್ಕಿಗೆ ತನ್ನ ಊರ ಗೌಡನ ಹೆಸರಿಟ್ಟದ್ದು ಸಿಗಲಾರದು. ಹಾಗಿರುವಾಗ ‘ಜೆರ್ಡನ್ನನ ನತ್ತಿಂಗ’, ‘ಸೈಕ್ಸನ ನತ್ತಿಂಗ’ ಎಂದು ಬರೆಯುವುದು ಅನುವಾದವೂ ಅಲ್ಲ, ವಿಜ್ಞಾನವೂ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸಂಬಳದ ಪಟ್ಟಿಯನ್ನು ಕನ್ನಡ ಲಿಪಿಯಲ್ಲಿ ನಕಲು ಮಾಡುವುದು.

ಇಲ್ಲಿ ಆಕ್ಷೇಪಗಳು ಬರುತ್ತವೆ. ಮೊದಲನೆಯದು, ವೆರೋ ಬೇರೆ, ಜೆರ್ಡನ್ ಬೇರೆ. ನಿಜ. ಮದ್ರಾಸ್ ಸೇನೆಯ ವೈದ್ಯ ಥಾಮಸ್ ಜೆರ್ಡನ್ ಗೋರಿ ತೋಡಿದವನಲ್ಲ. 1862ರಿಂದ 1864ರ ನಡುವೆ ಬಂದ ಅವನ ‘ಬರ್ಡ್ಸ್ ಆಫ್ ಇಂಡಿಯಾ’ ದೊಡ್ಡ ಕೆಲಸ. ಅದರಲ್ಲಿ ಹಕ್ಕಿಗಳ ಹಿಂದಿ, ತೆಲುಗು, ತಮಿಳು ಹೆಸರುಗಳನ್ನು ಅವನು ಕಿವಿಗೊಟ್ಟು ಕೇಳಿ ಬರೆದುಕೊಂಡಿದ್ದಾನೆ. ಆ ಹೆಸರುಗಳನ್ನು ಅವನಿಗೆ ಹೇಳಿದ ಬೇಟೆಗಾರರ ಹೆಸರಿನಲ್ಲಿ ಒಂದು ಹಕ್ಕಿಯೂ ಇಲ್ಲ. ಸ್ಥಳೀಯ ಹೆಸರಿಗೆ ಅಷ್ಟು ಬೆಲೆ ಕೊಟ್ಟವನ ಹೆಸರನ್ನೇ ಸ್ಥಳೀಯ ಹೆಸರಿನ ಮೇಲೆ ಹೇರುವುದು ಅವನಿಗೆ ತೋರುವ ಗೌರವವೂ ಆಗುವುದಿಲ್ಲ.

ಎರಡನೆಯದು, ಹೆಸರು ಬದಲಾಯಿಸಿದರೆ ಗೊಂದಲವಾಗುತ್ತದೆ, ವೈಜ್ಞಾನಿಕ ಹೆಸರು ಸ್ಥಿರ ಎನ್ನುವುದು. ವೈಜ್ಞಾನಿಕ ಹೆಸರು ಇರುವುದೇ ಆ ಕೆಲಸಕ್ಕೆ, ಅದು ಇರಲಿ. ಅದೂ ಅಷ್ಟೊಂದು ಸ್ಥಿರವೇನಲ್ಲ: ಆ ಹಾಲುಬಣ್ಣದ ಗೂಬೆಯನ್ನು ಈಚೆಗೆ ಕೆಲವು ಪಟ್ಟಿಗಳು ‘ಬ್ಯೂಬೋ’ ಕುಲದಿಂದ ತೆಗೆದು ‘ಕೆಟುಪಾ’ ಕುಲಕ್ಕೆ ಸೇರಿಸಿವೆ. ಗಿಡಗಳ ಲೋಕದಲ್ಲಂತೂ 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ, ಆ ಬೈಗುಳದ ಲ್ಯಾಟಿನ್ ರೂಪ ಹೊತ್ತ ಇನ್ನೂರಕ್ಕೂ ಹೆಚ್ಚು ಹೆಸರುಗಳಿಂದ ಒಂದು ಅಕ್ಷರ ಕಿತ್ತು ‘ಕಾಫ್ರಾ’ ಇದ್ದದ್ದನ್ನು ‘ಆಫ್ರಾ’ ಮಾಡಲು ಮತ ಹಾಕಿತು. ಅಮೆರಿಕದ ಪಕ್ಷಿಶಾಸ್ತ್ರ ಸಂಘ 2023ರ ನವೆಂಬರ್‌ನಲ್ಲಿ ತನ್ನ ವ್ಯಾಪ್ತಿಯ ಹಕ್ಕಿಗಳ ಇಂಗ್ಲಿಷ್ ಹೆಸರುಗಳಿಂದ ಮನುಷ್ಯರ ಹೆಸರನ್ನೆಲ್ಲ ತೆಗೆಯುವುದಾಗಿ ಸಾರಿತು. ಇಂಗ್ಲಿಷಿನವರೇ ಮನೆ ಗುಡಿಸುತ್ತಿದ್ದಾರೆ. ಅವರು ಗುಡಿಸಿ ಹೊರಗೆ ಹಾಕುತ್ತಿರುವುದನ್ನು ಕನ್ನಡದವರು ಈಗ ಒಳಗೆ ತಂದುಕೊಳ್ಳುವುದರಲ್ಲಿ ಯಾವ ಜಾಣತನವಿದೆ?

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿ. ಹೆಸರಿನಿಂದ ಹಕ್ಕಿಗೇನು? ಯಾವ ಹೆಸರಿಟ್ಟರೂ ಅದು ಹಾರುತ್ತದೆ. ಇದಕ್ಕೆ ಉತ್ತರ ಕರ್ನಾಟಕದ ಗಡಿಯ ಆಚೆ, ಅನಂತಪುರ ಮತ್ತು ಕಡಪದಲ್ಲಿ ಸಿಗುತ್ತದೆ.

ಪೆನ್ನಾರ್ ಮತ್ತು ಗೋದಾವರಿ ಕಣಿವೆಗಳ ಕುರುಚಲಿನಲ್ಲಿ ರಾತ್ರಿ ಓಡಾಡುವ ಒಂದು ಹಕ್ಕಿ. ಉದ್ದ ಕಾಲು, ದೊಡ್ಡ ಕಣ್ಣು, ಎದೆಗೆ ಅಡ್ಡಲಾಗಿ ಎರಡು ಪಟ್ಟಿ. ಹಾರುವುದಕ್ಕಿಂತ ಓಡುವುದೇ ಹೆಚ್ಚು. ಇದರ ನೆಂಟರೆಲ್ಲ ಇರುವುದು ಆಫ್ರಿಕಾದಲ್ಲಿ. ಅಲ್ಲಿಯೂ ಅವು ಇರುಳು ಓಡಾಡುವ ಹಕ್ಕಿಗಳು, ಅಲ್ಲಿಯೂ ಹೆಸರಿನ ಕತೆ ಇದೇ: ಮೂರು ಪಟ್ಟಿಯ ಒಂದಕ್ಕೆ ಇಂಗ್ಲಿಷಿನವರು ಜರ್ಮನ್ ಅನ್ವೇಷಕ ಹಾಯ್ಗ್ಲಿನ್ ಹೆಸರಿಟ್ಟರೆ, ಜರ್ಮನರು ಅದನ್ನು ಪಟ್ಟಿಯ ಓಟದ ಹಕ್ಕಿ ಎನ್ನುತ್ತಾರೆ. ತಮ್ಮವನನ್ನೇ ತಾವು ಬಿಟ್ಟುಕೊಟ್ಟಿದ್ದಾರೆ. ಭಾರತದ ಈ ಹಕ್ಕಿಯ ಇಂಗ್ಲಿಷ್ ಹೆಸರು ‘ಜೆರ್ಡನ್ಸ್ ಕೋರ್ಸರ್’. ಜರ್ಮನ್ ಹೆಸರು ‘ಗೋದಾವರಿ ರೆನ್‌ಫೋಗೆಲ್’, ಗೋದಾವರಿಯ ಓಟದ ಹಕ್ಕಿ. ಹೈಡೆಲ್‌ಬರ್ಗಿನ ಶಾಲೆಯ ಹುಡುಗನೊಬ್ಬ ಪುಸ್ತಕ ತೆರೆದರೆ ಒಂದು ಭಾರತೀಯ ನದಿ ಅವನಿಗೆ ಸಿಗುತ್ತದೆ. ಬಳ್ಳಾರಿಯ ಹುಡುಗಿ ತೆರೆದರೆ ಒಬ್ಬ ಬ್ರಿಟಿಷ್ ಸೇನಾ ವೈದ್ಯ ಸಿಗುತ್ತಾನೆ.

1848ರಲ್ಲಿ ಈ ಹಕ್ಕಿಯ ವರ್ಣನೆ ಪ್ರಕಟವಾಯಿತು. 1900ರಲ್ಲಿ ಅನಂತಪುರದ ಕಡೆ ಒಮ್ಮೆ ಕಂಡದ್ದು ದಾಖಲಾಯಿತು. ಆಮೇಲೆ ಎಂಬತ್ತೈದು ವರ್ಷ ಯಾರ ಪಟ್ಟಿಗೂ ಸಿಗಲಿಲ್ಲ. ಅಳಿದೇಹೋಯಿತೆಂದು ಬರೆದವರೂ ಇದ್ದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹೊಸದಾಗಿ ಹುಡುಕಾಟ ಶುರುಮಾಡಿದಾಗ ಭರತ್ ಭೂಷಣ್ ಎಂಬ ಯುವ ಸಂಶೋಧಕ ಹಳ್ಳಿಗಳಲ್ಲಿ ಹಕ್ಕಿ ಹಿಡಿಯುವವರಿಗೆ ಚಿತ್ರ ತೋರಿಸುತ್ತ ತಿರುಗಿದರು. ‘ಜೆರ್ಡನ್ಸ್ ಕೋರ್ಸರ್ ನೋಡಿದ್ದೀರಾ’ ಎಂದು ಕೇಳಿದ್ದರೆ ಇಂದಿಗೂ ತಿರುಗುತ್ತಲೇ ಇರಬೇಕಿತ್ತು. ಅಲ್ಲಿನವರಿಗೆ ಆ ಹಕ್ಕಿ ಕಳೆದುಹೋಗಿರಲೇ ಇಲ್ಲ. ಅದು ‘ಕಲಿವಿಕೋಡಿ’. ಕಲಿವಿ ಎಂದರೆ ಮುಳ್ಳಿನ ಕವಳಿ ಪೊದೆ, ಕೋಡಿ ಎಂದರೆ ಕೋಳಿ. 1986ರ ಜನವರಿಯಲ್ಲಿ ಐತನ್ನ ಎಂಬ ಬೇಟೆಗಾರ ರಾತ್ರಿ ದೀಪ ಹಿಡಿದು ಹೋಗಿ ಒಂದನ್ನು ಹಿಡಿದು ತಂದೇಬಿಟ್ಟ. ಆ ಹಕ್ಕಿ ಬಹಳ ದಿನ ಬದುಕಲಿಲ್ಲ. ಆದರೆ ಅದರಿಂದ ಲಂಕಮಲದ ಕಾಡಿಗೆ ಅಭಯಾರಣ್ಯದ ಪಟ್ಟ ಬಂತು. ಮುಂದೆ ತೆಲುಗು ಗಂಗಾ ಕಾಲುವೆಯನ್ನು ಆ ಕುರುಚಲಿನ ನಡುವೆ ಒಯ್ಯಲು ಹೊರಟಾಗ ಅದರ ದಾರಿ ಬದಲಾಯಿಸುವಂತೆ ವಾದಿಸಲು ಒಂದು ಆಧಾರ ಸಿಕ್ಕಿತು.

‘ಮರುಶೋಧ’ ಎಂದು ಪತ್ರಿಕೆಗಳು ಬರೆದವು. ಯಾರಿಗೆ ಮರುಶೋಧ? ಕಲಿವಿಕೋಡಿ ಎಂಬ ಐದಕ್ಷರದ ಪದದೊಳಗೆ ಆ ಹಕ್ಕಿಯ ವಿಳಾಸವೇ ಇದೆ: ಯಾವ ಪೊದೆಯ ಬುಡದಲ್ಲಿ ಹುಡುಕಬೇಕು, ಅದು ನೆಲದ ಮೇಲೆ ನಡೆಯುವ ಕೋಳಿಯಂಥದೋ ಮರದ ಮೇಲೆ ಕೂರುವುದೋ, ಎರಡನ್ನೂ ಹೇಳುತ್ತದೆ. ಇಂಗ್ಲಿಷ್ ಹೆಸರಿನಲ್ಲಿ ಆ ವಿಳಾಸ ಇರಲಿಲ್ಲ, ಹಾಗಾಗಿ ವಿಜ್ಞಾನಕ್ಕೆ ಅಷ್ಟು ವರ್ಷ ಹಕ್ಕಿಯೂ ಇರಲಿಲ್ಲ. ಹೆಸರಿನಿಂದ ಹಕ್ಕಿಗೇನು ಎನ್ನುವವರು ಇದಕ್ಕೆ ಉತ್ತರಿಸಬೇಕು.

ಇದನ್ನು ಕನ್ನಡಕ್ಕೆ ತರುವವರಿಗೆ ಕೆಲಸ ಅರ್ಧ ಮುಗಿದೇ ಇದೆ. ತೆಲುಗಿನ ಕಲಿವಿಯೂ ಉತ್ತರ ಕರ್ನಾಟಕದ ಕವಳಿಯೂ ಒಂದೇ ಹಣ್ಣು. ‘ಕವಳಿಕೋಳಿ’ ಎಂದರೆ ಕೊಪ್ಪಳದವರಿಗೂ ರಾಯಚೂರಿನವರಿಗೂ ಪೊದೆ ಕಣ್ಣಮುಂದೆ ಬರುತ್ತದೆ. ಪಕ್ಕದ ಭಾಷೆಯಿಂದ ಪದ ತರುವುದಕ್ಕೆ ನಾಚಿಕೆ ಏಕೆ ಪಡಬೇಕು? ಲಂಡನ್ನಿನಿಂದ ತರುವಾಗ ಪಡಲಿಲ್ಲವಲ್ಲ.

ಇಲ್ಲಿ ಅಚ್ಚಗನ್ನಡದ ಹಟವನ್ನೂ ದೂರ ಇಡಬೇಕು. ಸಂಸ್ಕೃತದ ತುಂಡುಗಳನ್ನು ಜೋಡಿಸಿ ‘ಶ್ವೇತವರ್ಣ ಮಹೋಲೂಕ’ ಎಂದು ಮಾಡುವುದು ಎಷ್ಟು ಕೆಟ್ಟದ್ದೋ, ಯಾರೂ ಬಾಯಲ್ಲಿ ಆಡದ ‘ಬೆಳ್ಗೂಗೆ’ ಹೊಸೆದು ತಾನೇ ಬೆನ್ನು ತಟ್ಟಿಕೊಳ್ಳುವುದೂ ಅಷ್ಟೇ. ಎರಡೂ ಹಕ್ಕಿಯನ್ನು ನೋಡದೆ ಮಾಡುವ ಕೆಲಸ. ಇಂಗ್ಲಿಷಿನಿಂದ ಬಂದದ್ದೆಲ್ಲ ಕೆಟ್ಟದ್ದೂ ಅಲ್ಲ. ‘ಬಾರ್ನ್ ಔಲ್’ ನೋಡಿ ಯಾರೋ ‘ಕಣಜ ಗೂಬೆ’ ಮಾಡಿದರು. ಸ್ಪಷ್ಟವಾಗಿ ಅನುವಾದವೇ, ಆದರೆ ಒಳ್ಳೆಯದು: ಕಣಜ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಆ ಗೂಬೆ. ಜರ್ಮನರು ಅದೇ ಹಕ್ಕಿಯ ಮುಖ ನೋಡಿ ‘ಮುಸುಕಿನ ಗೂಬೆ’ ಎಂದರು. ಅದೂ ಚೆನ್ನ. ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟರೆ ಅನುವಾದಕರಿಗೆ ಆಯ್ಕೆ ಇದೆ ಎನ್ನುವುದಾದರೂ ಕಾಣುತ್ತದೆ. ಇಂಗ್ಲಿಷ್ ಒಂದನ್ನೇ ನೋಡುತ್ತಿದ್ದರೆ ಅದೇ ಹಕ್ಕಿಯ ಸಹಜ ಹೆಸರು ಎಂಬ ಭ್ರಮೆ ಹುಟ್ಟುತ್ತದೆ.

ಆ ಭ್ರಮೆಗೆ ಕನ್ನಡದಲ್ಲಿ ವಯಸ್ಸಾಗಿದೆ. ಕನ್ನಡದ ಅತಿ ದೊಡ್ಡ ಹಳೆಯ ನಿಘಂಟನ್ನು ಮಾಡಿದ ಫರ್ಡಿನಾಂಡ್ ಕಿಟ್ಟೆಲ್ ಜರ್ಮನ್. ಆದರೆ 1894ರಲ್ಲಿ ಮಂಗಳೂರಿನಿಂದ ಬಂದ ಆ ನಿಘಂಟು ಕನ್ನಡವನ್ನು ವಿವರಿಸಿದ್ದು ಇಂಗ್ಲಿಷಿನಲ್ಲಿ, ಅಧಿಕಾರದ ಭಾಷೆ ಅದಾಗಿತ್ತು. ಕಿಟ್ಟೆಲ್‌ರ ತಾಯ್ನುಡಿಯಲ್ಲಿ ಗೂಬೆಗೆ ಒಂದೇ ಪದವಿಲ್ಲ: ಓಯ್ಲೆ ಇದೆ, ದುಂಡು ತಲೆಯ ಸಣ್ಣದಕ್ಕೆ ಕೌಟ್ಸ್ ಇದೆ, ಕೊಂಬಿನ ದೊಡ್ಡದಕ್ಕೆ ಊಹು. ಕನ್ನಡದಲ್ಲೂ ಇಂಥ ವಿಂಗಡಣೆ ಇತ್ತು. ದೊಡ್ಡದು ಗೂಬೆ, ಸಣ್ಣ ಚುಕ್ಕೆಯದು ಹಾಲಕ್ಕಿ. ಜರ್ಮನಿಯ ಹಳ್ಳಿಗಳಲ್ಲಿ ಹಾಲಕ್ಕಿಯ ಹತ್ತಿರದ ನೆಂಟ ಸಣ್ಣ ಕೌಟ್ಸ್ ರಾತ್ರಿ ಕೂಗಿದರೆ ‘ನನ್ನ ಜೊತೆ ಬಾ’ ಎಂದು ಕರೆದಂತೆ ಕೇಳಿ, ಮನೆಯಲ್ಲಿ ಸಾವು ಎಂದು ಹೆದರುತ್ತಿದ್ದರು. ಇಲ್ಲಿ ಅದೇ ಜಾತಿಯ ಹಕ್ಕಿ ಶಕುನ ನುಡಿಯುತ್ತದೆ. ಇಂಗ್ಲಿಷಿನ ‘ಔಲ್’ ಮೂಲಕ ಹಾದುಬಂದರೆ ಇದೆಲ್ಲ ಸೋರಿಹೋಗಿ ‘ಚುಕ್ಕೆಯ ಮರಿಗೂಬೆ’ ಉಳಿಯುತ್ತದೆ. ಅದು ಮರಿಯೂ ಅಲ್ಲ.

ನತ್ತಿಂಗದ ವಿಷಯವೂ ಹಾಗೆಯೇ. ಸಂಜೆ ಹಳ್ಳಿಯ ಮಣ್ಣುದಾರಿಯ ಮೇಲೆ ಒಣಎಲೆಯಂತೆ ಕೂತು, ಗಾಡಿಯ ದೀಪಕ್ಕೆ ಕೆಂಡದ ಕಣ್ಣು ತೋರಿಸಿ ಹಾರುವ ಹಕ್ಕಿ. ಮಲಯಾಳದಲ್ಲಿ ‘ನತ್ತ್’ ಎಂದರೆ ಸಣ್ಣ ಗೂಬೆ. ಎರಡೂ ಒಂದೇ ಬೇರಿನವು ಎನ್ನಲು ಹೆಚ್ಚು ಧೈರ್ಯ ಬೇಕಿಲ್ಲ. ಮರಾಠಿಯವರಿಗೆ ಇದು ‘ರಾತವಾ’, ಇರುಳಿನದು. ಯುರೋಪಿನವರು ಇದಕ್ಕೆ ಮಾಡಿದ ಅವಮಾನ ನೋಡಿ: ಲ್ಯಾಟಿನ್, ಜರ್ಮನ್, ಹಳೆಯ ಇಂಗ್ಲಿಷ್ ಮೂರರಲ್ಲೂ ಇದರ ಹೆಸರಿನ ಅರ್ಥ ‘ಆಡಿನ ಹಾಲು ಕುಡಿಯುವವ’. ರಾತ್ರಿ ಬಂದು ಆಡಿನ ಕೆಚ್ಚಲಿಗೆ ಬಾಯಿ ಹಾಕುತ್ತದೆ, ಆಡು ಕುರುಡಾಗುತ್ತದೆ ಎಂದು ಅರಿಸ್ಟಾಟಲ್ ಕಾಲದ ನಂಬಿಕೆ. ಮಂದೆಯ ಸುತ್ತ ಹುಳ ಹಿಡಿಯಲು ಬಂದ ಪಾಪದ ಹಕ್ಕಿಯ ಮೇಲೆ ಎರಡು ಸಾವಿರ ವರ್ಷದ ಕಳ್ಳತನದ ಆರೋಪ. ಅಷ್ಟೂ ಕಾಲ ಕುರಿ ಮೇಯಿಸಿಕೊಂಡು ಬಂದ ಕನ್ನಡಿಗರು ಅಂಥ ಹೆಸರಿಡಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರಂಥವರು ಹಕ್ಕಿ ಪುಸ್ತಕ ಬರೆಯುವಾಗ ಇಂಥ ಪದಗಳನ್ನು ಹುಡುಕಿ ಎತ್ತಿಕೊಂಡರು. ಅವರ ನಂತರ ಹುಡುಕುವ ಕೆಲಸ ನಿಂತು ಕನ್ನಡಿಸುವ ಕೆಲಸ ಮಾತ್ರ ಉಳಿಯಿತು. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಹಟ ಹಿಡಿದು, ಕಾಡಿನ ಚಿತ್ರಗಳನ್ನು ಕನ್ನಡದ ಮಕ್ಕಳು ತಮಿಳು, ತೆಲುಗು, ಹಿಂದಿಯಲ್ಲಿ ನೋಡುವಂತೆ ಮಾಡಿದವರ ಪಾಲೂ ಇದರಲ್ಲಿದೆ. ಸಿನಿಮಾದ ಮಾರುಕಟ್ಟೆ ಉಳಿಸಲು ಹೋಗಿ ಮಕ್ಕಳ ಬಾಯಿಂದ ಹಕ್ಕಿಗಳನ್ನು ತೆಗೆದರು.

ಹಾಗಾದರೆ ಆ ಆಫ್ರಿಕಾದ ಗೂಬೆಗೆ ಕನ್ನಡದಲ್ಲಿ ಏನೆನ್ನಬೇಕು? ಬೋಟ್ಸ್ವಾನಾದ ಸೆಟ್ಸ್ವಾನಾ ಭಾಷೆಯಲ್ಲಿ ಗೂಬೆಗೆ ‘ಮೊರುಬಿಸಿ’, ಸ್ವಾಹಿಲಿಯಲ್ಲಿ ‘ಬುಂಡಿ’. ಇವು ಗೂಬೆಗಳಿಗೆಲ್ಲ ಅನ್ವಯಿಸುವ ಪದಗಳು, ಈ ಒಂದಕ್ಕೆ ಸಾಲುವುದಿಲ್ಲ. ಲ್ಯಾಟಿನ್ ಮತ್ತು ಜರ್ಮನ್ ಹಿಡಿದು ‘ಹಾಲುಗೂಬೆ’ ಎನ್ನಬಹುದಿತ್ತು, ಆದರೆ ಹಾಲಕ್ಕಿ ಆಗಲೇ ಇರುವುದರಿಂದ ಎರಡೂ ಒಂದೇ ಎಂದು ಓದುಗ ಮೋಸಹೋಗುತ್ತಾನೆ. ಭಾರತದ ಇದರ ಸೋದರನಿಗೆ ಕನ್ನಡದಲ್ಲಿ ‘ಕೊಂಬಿನ ಗೂಬೆ’ ಎಂಬ ಹೆಸರು ಚಾಲ್ತಿಯಲ್ಲಿದೆ. ಹಾಗಾಗಿ ‘ಗುಲಾಬಿ ರೆಪ್ಪೆಯ ಕೊಂಬಿನ ಗೂಬೆ’. ಉದ್ದವಾಯಿತು ಎನ್ನುವವರು ‘ವೆರೋನ ಹದ್ದುಗೂಬೆ’ಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ. ಪರದೆಯ ಮೇಲೆ ಗೂಬೆ ಕಣ್ಣು ಮುಚ್ಚಿದ ಕ್ಷಣಕ್ಕೆ ಈ ಹೆಸರು ಬಂದರೆ ನೋಡುವವರು ಅದನ್ನು ಮತ್ತೆ ಮರೆಯುವುದಿಲ್ಲ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಇದನ್ನು ಬಿಟ್ಟು ಅದನ್ನೇ ಹಿಡಿಯಲಿ, ತೊಂದರೆಯಿಲ್ಲ.

ಇದು ಪುಸ್ತಕದ ಜಗಳ ಮಾತ್ರವಾಗಿ ಉಳಿಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೂಬೆಗಳ ಬೇಟೆ, ಮಾರಾಟ ಎರಡನ್ನೂ ನಿಷೇಧಿಸಿದೆ. ಆದರೂ ದೀಪಾವಳಿ ಬಂತೆಂದರೆ ಉತ್ತರ ಭಾರತದ ಹಕ್ಕಿ ಸಂತೆಗಳಲ್ಲಿ ಬಲಿಗೆ, ಮಾಟಕ್ಕೆ ಗೂಬೆ ಬೇಕು. ವನ್ಯಜೀವಿ ವ್ಯಾಪಾರವನ್ನು ಗಮನಿಸುವ ಟ್ರಾಫಿಕ್ ಸಂಸ್ಥೆಗಾಗಿ ಅಬ್ರಾರ್ ಅಹಮದ್ ನಡೆಸಿದ ಅಧ್ಯಯನ 2010ರಲ್ಲಿ ಬಂತು. ದೇಶದ ಸುಮಾರು 30 ಜಾತಿಯ ಗೂಬೆಗಳಲ್ಲಿ 15 ಜಾತಿಗಳು ಆ ವ್ಯಾಪಾರದಲ್ಲಿ ಕಂಡುಬಂದವು. ಬೇಡಿಕೆ ಹೆಚ್ಚು ಇರುವುದು ದೊಡ್ಡ ಕೊಂಬಿನವುಗಳಿಗೆ. 2018ರಲ್ಲಿ ತೆಲಂಗಾಣದ ಚುನಾವಣೆಯ ಹೊತ್ತಿಗೆ ಕಲಬುರಗಿ ಜಿಲ್ಲೆಯ ಸೇಡಂನಲ್ಲಿ ಕೊಂಬಿನ ಗೂಬೆಗಳನ್ನು ಸಾಗಿಸುತ್ತಿದ್ದವರು ಸಿಕ್ಕಿಬಿದ್ದರು. ಎದುರಾಳಿಯ ಅದೃಷ್ಟ ಕೆಡಿಸಲು ಗೂಬೆ ಬೇಕಾಗಿತ್ತಂತೆ.

ವ್ಯಾಪಾರಿಗೆ ಜಾತಿಯ ವ್ಯತ್ಯಾಸ ಚೆನ್ನಾಗಿ ಗೊತ್ತು. ಅದರ ಮೇಲೆಯೇ ಅವನು ಬೆಲೆ ಹೇಳುತ್ತಾನೆ. ಹಿಡಿಯಲು ಹೋಗುವ ಪೇದೆಗೆ, ಬರೆಯುವ ವರದಿಗಾರನಿಗೆ, ಹಳ್ಳಿಯಲ್ಲಿ ಕಂಡು ತಿಳಿಸಬೇಕಾದವನಿಗೆ ಎಲ್ಲವೂ ಬರೀ ‘ಗೂಬೆ’. ಕಾಯ್ದೆಯ ಅನುಸೂಚಿ ತೆರೆದರೆ ಅಲ್ಲಿರುವುದು ಇಂಗ್ಲಿಷ್ ಮತ್ತು ಲ್ಯಾಟಿನ್. ಅರಣ್ಯ ಇಲಾಖೆಯ ಗಸ್ತಿನವನ ಕೈಗೆ ಕೊಡಲು, ಗೂಬೆ, ಹಾಲಕ್ಕಿ, ನತ್ತಿಂಗಗಳ ಚಿತ್ರದ ಕೆಳಗೆ ಊರೂರಿನ ಕನ್ನಡ ಹೆಸರು ಬರೆದ ಒಂದು ಹಾಳೆ ಬೇಕು. ಬೀದರಿನಲ್ಲಿ ಒಂದು, ಕೊಡಗಿನಲ್ಲಿ ಒಂದು, ಕಾಸರಗೋಡಿನಲ್ಲಿ ಇನ್ನೊಂದು ಹೆಸರಿದ್ದರೆ ಮೂರನ್ನೂ ಬರೆಯಲಿ. ಅದನ್ನು ಕೇಳಿ ಬರೆದುಕೊಳ್ಳಬೇಕಾದದ್ದು ಕುರಿ ಕಾಯುವವರಿಂದ, ರಾತ್ರಿ ಗದ್ದೆ ಕಾಯುವವರಿಂದ, ಬುಡಬುಡಿಕೆಯವರಿಂದ. ಇವರಲ್ಲಿ ಅನೇಕರಿಗೆ ವಯಸ್ಸಾಗಿದೆ. ವೆರೋನನ್ನು ಕನ್ನಡ ಲಿಪಿಯಲ್ಲಿ ಹೇಗೆ ಬರೆಯುವುದು ಎಂಬ ಚರ್ಚೆಗೆ ಹೋಗುವ ಹೊತ್ತನ್ನು ಅವರ ಜಗಲಿಯಲ್ಲಿ ಕಳೆಯಬಹುದು.